ಸ್ಯಾನ್ ಸ್ಟಾರ್ಮ್‌ಗೆ ಹೊಸ ಸ್ಟೀರಿಯೊ: ಹಳೆ ಕನ್ಸೋಲ್ ಕತ್ತರಿಸದೆ ಕೂರಿಸುವ ಬಗೆ

ಸ್ಪೋರ್ಟ್ಸ್ ಕಾರಿನ ನಡುವಿನ ಕನ್ಸೋಲ್‌ಗೆ (ಡ್ಯಾಶ್‌ನಿಂದ ಗೇರ್ ಲಿವರ್ ಕಡೆಗೆ ಇಳಿಯುವ ಭಾಗ) ಬ್ಲೇಡ್ ಹಾಕುವ ಮೊದಲು ನನ್ನದೊಂದು ಮಾತು ಕೇಳಿ. ಕಂಪನಿಯಿಂದ ಬಂದ ಭಾಗವನ್ನು ಕತ್ತರಿಸಬೇಡಿ. ಅದನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಡಿ. ಹೊಸ ಸ್ಟೀರಿಯೊಗೆ ಹೊಸ ಕನ್ಸೋಲ್ ಮುಖವನ್ನೇ ಮಾಡಿ. ಕೆಲಸ ಜಾಸ್ತಿ, ನಿಜ. ಆದರೆ ಇಂಥ ಗಾಡಿಗಳ ಬಿಡಿಭಾಗ ಈಗ ಹುಡುಕಿದರೂ ಸಿಗುವುದು ಕಷ್ಟ. ತುಂಡಾದ ಮೇಲೆ ಮುಗಿಯಿತು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಪ್ಯಾಟರ್ನ್ ಮಾಡುವವನು. ನಮ್ಮ ಊರಿನ ಫೌಂಡ್ರಿಗಳಲ್ಲಿ ಬೀಡು ಎರಕ ಹೊಯ್ಯಬೇಕಾದರೆ ಮರಳಿನಲ್ಲಿ ಮೊದಲು ಅಚ್ಚು ಮೂಡಿಸಬೇಕಲ್ಲ, ಅದಕ್ಕೆ ಬೇಕಾದ ಮರದ ಮಾದರಿ ನಮ್ಮ ಕೈಯಲ್ಲಿ ತಯಾರಾಗುತ್ತದೆ. ಫೈಬರ್ ಕೆಲಸವೂ ಅದರ ಜೊತೆಗೇ ಬಂತು. ಕನ್ಸೋಲ್ ಮಾಡುವುದು ನನ್ನ ಪ್ರಕಾರ ಪ್ಯಾಟರ್ನ್ ಕೆಲಸವೇ. ಎಲ್ಲಿ ಎಷ್ಟು ಅಲೋವನ್ಸ್, ಅಂದರೆ ಹೆಚ್ಚುವರಿ ಅಳತೆ, ಬಿಡಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಇಲ್ಲಿ ಹೇಳುತ್ತಿರುವುದು ಟಿಳಕವಾಡಿಯ ಹುಡುಗನೊಬ್ಬನ ಸ್ಯಾನ್ ಸ್ಟಾರ್ಮ್ ಬಗ್ಗೆ. ಪಕ್ಕದ ಗೋವಾದಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪ್, ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, ಫೈಬರ್ ಬಾಡಿ. ಕೊನೆಯದನ್ನು ನೆನಪಿಟ್ಟುಕೊಳ್ಳಿ. ವೈರಿಂಗ್‌ಗೆ ಬಂದಾಗ ಫೈಬರ್ ಬಾಡಿ ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ.

“ಮಾಮಾ, ಇಷ್ಟ ಸ್ವಲ್ಪ ಕಟ್ ಮಾಡಿದ್ರ ಟಚ್ ಸ್ಕ್ರೀನ್ ಕುಂದರ್ತೈತಲ್ರೀ?” ಅಂತ ಅವನು ಕೇಳಿದ. “ಕುಂದರ್ತೈತಪಾ. ಆದ್ರ ಗೇರ್ ಹಾಕೂದು ಹ್ಯಾಂಗ?” ಅಂದೆ. ಅವನನ್ನು ಸೀಟಿನಲ್ಲಿ ಕೂರಿಸಿ ಮೂರನೇ ಗೇರ್ ಹಾಕಿಸಿದೆ. ಸ್ಕ್ರೀನ್ ಬರಬೇಕಾದ ಜಾಗಕ್ಕೆ ಬೆರಳಿನ ಗೆಣ್ಣು ತಾಗುತ್ತಿತ್ತು.

ಹಾಗಾಗಿ ಸ್ಟೀರಿಯೊ ಆರಿಸುವುದು ಮೊದಲ ಕೆಲಸ. ಡಿನ್ ಅನ್ನುವುದು ಕಾರ್ ಸ್ಟೀರಿಯೊಗಳಿಗೆ ಗೊತ್ತುಮಾಡಿದ ಅಳತೆ. ಸಿಂಗಲ್ ಡಿನ್ ಅಂದರೆ ಮುಖ 180 × 50 ಮಿ.ಮೀ. ಡಬಲ್ ಡಿನ್ ಅಂದರೆ 180 × 100. ಚಿಕ್ಕ ಸ್ಪೋರ್ಟ್ಸ್ ಕಾರಿಗೆ ಸಿಂಗಲ್ ಡಿನ್ ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಟಾಪ್ ತೆಗೆದರೆ ಬಿಸಿಲು ನೇರ ಸ್ಕ್ರೀನ್ ಮೇಲೆ ಬೀಳುತ್ತದೆ, ಏನೂ ಕಾಣುವುದಿಲ್ಲ. ಮತ್ತೆ, ನೋಡದೆ ಮುಟ್ಟಿ ತಿರುಗಿಸಲು ಒಂದು ನಾಬ್ ಇದ್ದರೆ ಕಣ್ಣು ರಸ್ತೆ ಮೇಲೆಯೇ ಇರುತ್ತದೆ. ಸಿಡಿ ಹಾಕುವ ಪ್ಲೇಯರ್‌ನ ಆಳ ಸುಮಾರು 160 ಮಿ.ಮೀ. ಇರುತ್ತದೆ. ಸಿಡಿ ಇಲ್ಲದ, ಬ್ಲೂಟೂತ್ ಮತ್ತು ಯುಎಸ್‌ಬಿ ಮಾತ್ರ ಇರುವವು 100ರ ಆಸುಪಾಸಿನಲ್ಲೂ ಸಿಗುತ್ತವೆ. ಅದನ್ನೇ ತೆಗೆದುಕೊಳ್ಳಿ. ಹಿಂದೆ ಪ್ಲಗ್ ಮತ್ತು ವೈರ್ ಮಡಚಲು ಇನ್ನೂ 50 ಮಿ.ಮೀ. ಬೇಕು. ಹೀಟರ್ ಬಾಕ್ಸ್‌ಗೆ ವೈರ್ ಒತ್ತಿ ಕೂರಬಾರದು.

ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ. ಏರ್‌ಬ್ಯಾಗ್ ಇರುವ ಬೇರೆ ಗಾಡಿಯಾದರೆ ಹಳದಿ ಕನೆಕ್ಟರ್‌ಗಳ ತಂಟೆಗೆ ಹೋಗಬೇಡಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಎಲ್ಲಿಯದೋ ಅಲ್ಲಿಯ ಹೆಸರು ಬರೆದು ಚಿಕ್ಕ ಚೀಲಗಳಲ್ಲಿ ಹಾಕಿ.

ಈಗ ಅಳತೆ. ಇಲ್ಲಿ ಅವಸರ ಬೇಡ. ಸೀಟನ್ನು ನೀವು ಓಡಿಸುವ ಜಾಗಕ್ಕೆ ಸರಿಸಿ ಕುಳಿತುಕೊಳ್ಳಿ. ಸ್ಟೀರಿಯೊ ಮುಖದ ಅಳತೆಗೆ ರಟ್ಟು ಕತ್ತರಿಸಿ ಡ್ಯಾಶ್‌ಗೆ ಟೇಪ್ ಹಚ್ಚಿ ನಿಲ್ಲಿಸಿ. ಒಂದು, ಮೂರು, ಐದನೇ ಗೇರ್‌ಗಳಲ್ಲಿ ಲಿವರ್ ಮುಂದಕ್ಕೆ ಹೋಗುತ್ತದೆ, ಸ್ಟೀರಿಯೊ ಕಡೆಗೆ. ಮೂರರಲ್ಲೂ ಮುಷ್ಟಿ ಹಿಡಿದು ನೋಡಿ. ಮುಷ್ಟಿಗೂ ರಟ್ಟಿಗೂ ನಡುವೆ ಕಡಿಮೆಯೆಂದರೂ 40 ಮಿ.ಮೀ. ಇರಲಿ, ಯಾಕೆಂದರೆ ನಾಬ್ ಹೊರಗೆ ಚಾಚಿರುತ್ತದೆ. ನಮ್ಮದು ಬಲಗಡೆ ಸ್ಟೀರಿಂಗ್. ಬಹಳಷ್ಟು ಸ್ಟೀರಿಯೊಗಳ ವಾಲ್ಯೂಮ್ ನಾಬ್ ಎಡ ತುದಿಯಲ್ಲಿರುತ್ತದೆ, ಅಂದರೆ ನಮ್ಮಿಂದ ದೂರದ ತುದಿ. ಅದಕ್ಕೆ ಮುಖವನ್ನು ಡ್ರೈವರ್ ಕಡೆಗೆ ಹತ್ತು ಡಿಗ್ರಿಯಷ್ಟು ತಿರುಗಿಸಿ, ತುಸು ಮೇಲಕ್ಕೂ ಎತ್ತಿ. ರಟ್ಟಿನಲ್ಲೇ ಈ ಕೋನ ಹಿಡಿದು ಕೈಯಾಡಿಸಿ ನೋಡಿ. ರಟ್ಟು ಸರಿಬಂದ ಮೇಲೆ ಮಾತ್ರ ಮುಂದಿನ ಹೆಜ್ಜೆ.

ಮುಂದೆ ಹಳೆ ಕನ್ಸೋಲ್‌ನಿಂದ ನಕಲು ಎತ್ತಬೇಕು. ಸ್ಕ್ರೂ ಕೂರುವ ಜಾಗ, ಡ್ಯಾಶ್‌ಗೆ ಹೊಂದುವ ಅಂಚು ಎಲ್ಲ ಅದರಲ್ಲೇ ಇವೆ. ಅದರ ಮೈತುಂಬ ಪ್ಯಾಕಿಂಗ್ ಟೇಪ್ ಅಂಟಿಸಿ, ಒಂದು ಸುಕ್ಕೂ ಇರದ ಹಾಗೆ. ಮೇಲೆ ವ್ಯಾಕ್ಸ್ ಪಾಲಿಶ್ ಸವರಿ. ಟೇಪ್ ಯಾಕೆಂದರೆ, ಪಾಲಿಯೆಸ್ಟರ್ ರೆಸಿನ್ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಥರ್ಮೋಕೋಲ್ ಅಂತೂ ಕರಗಿಯೇ ಹೋಗುತ್ತದೆ. ಟೇಪಿನ ಮೇಲೆ ಚದರ ಮೀಟರಿಗೆ 300 ಗ್ರಾಂ ತೂಗುವ ಗ್ಲಾಸ್ ಮ್ಯಾಟ್ (ಗಾಜಿನ ಎಳೆಯ ಹಾಸು) ಎರಡು ಪದರ ಹಾಕಿ, ರೆಸಿನ್ ಕುಡಿಸಿ, ಬ್ರಶ್‌ನಿಂದ ಕುಟ್ಟಿ ಗಾಳಿ ಗುಳ್ಳೆ ಹೊರಹಾಕಿ. ಮರುದಿನ ನಿಧಾನ ಎಬ್ಬಿಸಿದರೆ ಹಳೆಯದರ ಆಕಾರವೇ ಫೈಬರ್‌ನಲ್ಲಿ ಕೈಗೆ ಬರುತ್ತದೆ. ಇನ್ನು ಏನು ಕತ್ತರಿಸುವುದಿದ್ದರೂ ಇದನ್ನು ಕತ್ತರಿಸಿ. ಹ್ಯಾಕ್ಸಾ ಬ್ಲೇಡ್, ಕಾನಸು ಸಾಕು. ಗ್ಲಾಸ್ ಧೂಳು ಚರ್ಮಕ್ಕೆ ತಾಗಿದರೆ ತುರಿಕೆ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ರೆಸಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಅಪಾಯವಿದೆ. ಅಂಗಡಿಯಲ್ಲಿ ಮೂರು ಡಬ್ಬಿ ಕೊಡುತ್ತಾರೆ: ರೆಸಿನ್, ಅದು ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್, ಗಟ್ಟಿ ಮಾಡುವ ಹಾರ್ಡನರ್. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ, ಸ್ಫೋಟವಾಗಬಹುದು. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಪೂರ್ತಿ ಕಲಸಬೇಕು. ಆಮೇಲೆ ಬೇರೆ ಕಡ್ಡಿಯಿಂದ ಹಾರ್ಡನರ್. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಗುತ್ತದೆ, ಹೊಸಬರು ಅದನ್ನೇ ಕೇಳಿ ತನ್ನಿ. ಹಾರ್ಡನರ್ ನೂರು ಗ್ರಾಂ ರೆಸಿನ್‌ಗೆ ಒಂದರಿಂದ ಎರಡು ಗ್ರಾಂ. ಏಪ್ರಿಲ್ ಬಿಸಿಲಿಗೆ ಒಂದು ಸಾಕು, ಡಿಸೆಂಬರ್ ಚಳಿಗೆ ಎರಡರ ಹತ್ತಿರ ಹೋಗಿ. ಬೇಗ ಆಗಲಿ ಅಂತ ಜಾಸ್ತಿ ಸುರಿದರೆ ಡಬ್ಬಿಯಲ್ಲೇ ಕಾದು ಹೊಗೆ ಬರುತ್ತದೆ, ಪದರ ಬಿರಿಯುತ್ತದೆ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಡಬ್ಬಿ ತೆರೆಯಬೇಡಿ. ವಾಸನೆ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ಬಯಲಲ್ಲಿ ಕೆಲಸ ಮಾಡಿ.

ಮಳೆಗಾಲದಲ್ಲಿ ಇದನ್ನು ಹಿಡಿಯಬೇಡಿ. ನಮ್ಮೂರಿನ ಜುಲೈ ಗೊತ್ತಲ್ಲ, ಒಗೆದ ಬಟ್ಟೆಯೇ ಒಣಗುವುದಿಲ್ಲ. ಮ್ಯಾಟ್ ತೇವ ಹೀರಿದರೆ ರೆಸಿನ್ ಜಿಗುಟಾಗಿಯೇ ಉಳಿಯುತ್ತದೆ.

ಈಗ ಸ್ಟೀರಿಯೊ ಕೂರುವ ಚೌಕಟ್ಟು. 6 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಬಳಸಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡ. ಟಾಪ್ ತೆರೆಯುವ ಗಾಡಿಗೆ ಒಂದಲ್ಲ ಒಂದು ದಿನ ನೀರು ಬಂದೇ ಬರುತ್ತದೆ, ಎಂಡಿಎಫ್ ನೀರು ಕುಡಿದು ಊದಿಕೊಳ್ಳುತ್ತದೆ. ಸಿಂಗಲ್ ಡಿನ್‌ನ ತಗಡಿನ ತೋಳು (ಸ್ಟೀರಿಯೊ ಒಳಗೆ ಜಾರಿ ಕೂರುವ ಕವಚ) ಕೂರಲು 182 × 53 ಮಿ.ಮೀ. ತೂತು ಬೇಕು. ಬಹಳ ಜನ ಅಷ್ಟೇ ಕತ್ತರಿಸಿ ಆಮೇಲೆ ಪೇಚಾಡುತ್ತಾರೆ. ಮೇಲೆ ರೆಗ್ಜಿನ್ ಬರುತ್ತದಲ್ಲ, ಅದು ಒಳಕ್ಕೆ ಮಡಚಿದಾಗ ಎರಡೂ ಕಡೆ ಒಂದೊಂದು ಮಿ.ಮೀ. ತಿನ್ನುತ್ತದೆ. ಹಾಗಾಗಿ ಕತ್ತರಿಸಬೇಕಾದದ್ದು 184 × 55. ಬರೀ ಪೇಂಟ್ ಹೊಡೆಯುವುದಾದರೆ ಅರ್ಧ ಮಿ.ಮೀ. ಬಿಟ್ಟರೆ ಸಾಕು. ಫೌಂಡ್ರಿಗೆ ಪ್ಯಾಟರ್ನ್ ಮಾಡುವಾಗ ಎರಕ ಆರಿ ಕುಗ್ಗುವುದಕ್ಕೆ ಲೆಕ್ಕ ಹಾಕಿ ದೊಡ್ಡದು ಮಾಡುತ್ತೇವೆ. ಇಲ್ಲಿಯೂ ಹಾಗೆ, ಕೊನೆಯಲ್ಲಿ ಏನು ಸೇರುತ್ತದೆ ಅಂತ ಮೊದಲೇ ಯೋಚಿಸಬೇಕು.

ಪ್ಲೈ ಚೌಕಟ್ಟನ್ನು ಫೈಬರ್ ನಕಲಿನ ಮುಂದೆ, ರಟ್ಟಿನಲ್ಲಿ ಹಿಡಿದ ಕೋನದಲ್ಲೇ, ಚಿಕ್ಕ ಮರದ ಕಡ್ಡಿ ಮತ್ತು ಗ್ಲೂ ಗನ್‌ನಿಂದ ನಿಲ್ಲಿಸಿ. ಗಾಡಿಯಲ್ಲಿ ಇಟ್ಟು ಮತ್ತೊಮ್ಮೆ ಗೇರ್ ಹಾಕಿ ನೋಡಿ. ಸರಿ ಅನ್ನಿಸಿದರೆ ಚೌಕಟ್ಟಿನಿಂದ ಅಂಚಿನವರೆಗೆ ಫ್ಲೀಸ್ ಬಟ್ಟೆ ಎಳೆದು ಸ್ಟೇಪಲ್ ಹೊಡೆಯಿರಿ. ನಾಲ್ಕೂ ಮೂಲೆಗೆ ಸಮ ಎಳೆತ ಇರಬೇಕು. ಬಟ್ಟೆ ತಾನೇ ಒಂದು ಚಂದದ ಇಳಿಜಾರು ಹಿಡಿಯುತ್ತದೆ. ಅದಕ್ಕೆ ರೆಸಿನ್ ಕುಡಿಸಿ ಬಿಡಿ. ಗಟ್ಟಿಯಾದ ಮೇಲೆ ಹಿಂದಿನಿಂದ ಮ್ಯಾಟ್ ಎರಡು ಪದರ. ಒಟ್ಟು 3 ಮಿ.ಮೀ. ದಪ್ಪ ಬಂದರೆ ಬಲ ಸಾಕು.

ಮುಂದೆ ಪುಟ್ಟಿ. 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಆರಂಭಿಸಿ 180, 320ಕ್ಕೆ ಬನ್ನಿ. ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ, ಬೆರಳಿನಿಂದ ಒತ್ತಿ ಉಜ್ಜಿದರೆ ಗುಂಡಿ ಬೀಳುತ್ತದೆ. ತಗ್ಗು ಹುಡುಕಲು ಕಣ್ಣು ಮುಚ್ಚಿ ಅಂಗೈ ಸವರಿ. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ಪ್ಯಾಟರ್ನ್ ಶಾಪ್‌ನಲ್ಲಿ ನಮ್ಮ ಮಿಸ್ತ್ರಿಗಳು ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಆಮೇಲೆ ಕರಿ ಸ್ಪ್ರೇ ತೆಳ್ಳಗೆ ಹೊಡೆದು ಮತ್ತೆ ಉಜ್ಜಿ. ಕಪ್ಪು ಉಳಿದ ಕಡೆಯೆಲ್ಲ ತಗ್ಗು ಇದೆ ಅಂತ ತಿಳಿಯಿರಿ.

ಮೇಲೆ ಹೊಳೆಯುವ ಪಿಯಾನೋ ಬ್ಲ್ಯಾಕ್ ಬೇಡ. ಬಿಸಿಲು ಬಡಿದು ಕಣ್ಣಿಗೆ ಹೊಡೆಯುತ್ತದೆ, ಧೂಳಂತೂ ಒರೆಸಿ ಮುಗಿಯುವುದಿಲ್ಲ. ಹೊಳಪಿಲ್ಲದ ಕಪ್ಪು ರೆಗ್ಜಿನ್ ಹಾಕಿ. ಶಾಖ ತಡೆಯುವ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಕೂರಿಸಿ. ಒಳಬಾಗಿದ ಕಡೆಯಿಂದ ಶುರು ಮಾಡಿ ಅಂಚಿಗೆ ಬನ್ನಿ. ಅಂಚಿನಿಂದ ಶುರು ಮಾಡಿದರೆ ಒಳಗೆ ಸೇತುವೆ ಕಟ್ಟಿದಂತೆ ನಿಂತು, ಬಿಸಿಲಿಗೆ ಕಿತ್ತು ಬರುತ್ತದೆ.

ಸ್ಟೀರಿಯೊದ ಭಾರವನ್ನು ಈ ಮುಖದ ಮೇಲೆ ಬಿಡಬೇಡಿ. ಹಿಂದಿನ ಬೋಲ್ಟ್‌ಗೆ ತೂತಿನ ತಗಡು ಪಟ್ಟಿ ಹಾಕಿ ಒಳಗಿನ ಕಬ್ಬಿಣಕ್ಕೆ ಬಿಗಿಯಿರಿ. ಅಂಚುಗಳಿಗೆ ಫೆಲ್ಟ್ ಟೇಪ್ ಹಚ್ಚಿದರೆ ಕಿರ್‌ ಕಿರ್‌ ಸದ್ದು ಇರುವುದಿಲ್ಲ.

ವೈರಿಂಗ್‌ನಲ್ಲಿ ಹೊಸ ಸ್ಟೀರಿಯೊದ ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಹಳದಿ ಸದಾ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಗಾಡಿಯ ಕಡೆಯ ಬಣ್ಣ ಮಾತ್ರ ನಂಬಬೇಡಿ, ಹಿಂದಿನ ಮಾಲೀಕರು ಏನೇನು ಜೋಡಿಸಿದ್ದಾರೋ. ಬ್ಯಾಟರಿ ಜೋಡಿಸಿ ಒಂದೊಂದನ್ನೂ ಮಲ್ಟಿಮೀಟರ್‌ನಿಂದ ಗುರುತಿಸಿ ಚೀಟಿ ಅಂಟಿಸಿ, ಮತ್ತೆ ಮೈನಸ್ ತೆಗೆದು ಜೋಡಣೆಗೆ ಕೂರಿ. ಸ್ಪೀಕರ್ ಮೈನಸ್ ಅನ್ನು ಅರ್ಥ್‌ಗೆ ತಾಗಿಸಿದರೆ ಸ್ಟೀರಿಯೊ ಸುಟ್ಟೇ ಹೋಗಬಹುದು. ವೈರ್ ತಿರುಚಿ ಟೇಪ್ ಸುತ್ತುವುದು ಬೇಡ, ಬೇಸಿಗೆಯಲ್ಲಿ ಟೇಪಿನ ಅಂಟು ಇಳಿದು ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಏರಿಸಿ.

ಇನ್ನು ಫೈಬರ್ ಬಾಡಿಯ ವಿಷಯ. ಮಾಮೂಲಿ ಕಾರಿನಲ್ಲಿ ಕಪ್ಪು ವೈರನ್ನು ಹತ್ತಿರದ ಬೋಲ್ಟ್‌ಗೆ ಕಟ್ಟಿದರೆ ಕೆಲಸವಾಯಿತು. ಇಲ್ಲಿ ಫೈಬರ್‌ಗೆ ಕಟ್ಟಿದ ಬೋಲ್ಟ್ ಎಲ್ಲಿಗೂ ತಲುಪುವುದಿಲ್ಲ. ಅರ್ಥ್ ವೈರ್ ಸ್ಟೀಲ್ ಚಾಸಿಗೇ ಹೋಗಬೇಕು. ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಬಿಗಿದು, ಮೇಲೆ ಗ್ರೀಸ್ ಸವರಿ. ಆಂಟೆನಾಗೂ ಇದೇ ತೊಂದರೆ. ಲೋಹದ ಬಾಡಿ ಇದ್ದರೆ ಅದೇ ಆಂಟೆನಾಗೆ ನೆಲದಂತೆ ಕೆಲಸ ಮಾಡುತ್ತದೆ. ಫೈಬರ್‌ನಲ್ಲಿ ಅದು ಇಲ್ಲದ್ದರಿಂದ ಆಂಟೆನಾ ಬುಡದ ಕೆಳಗೆ ಒಂದೂವರೆ ಎರಡು ಅಡಿ ಅಗಲದ ತೆಳು ಅಲ್ಯುಮಿನಿಯಂ ತಗಡು ಹಾಕಿ ಬುಡಕ್ಕೆ ಜೋಡಿಸಿ. ಫೈಬರ್ ಬಾನೆಟ್ ಎಂಜಿನ್‌ನ ಸ್ಪಾರ್ಕ್ ಗದ್ದಲವನ್ನೂ ತಡೆಯುವುದಿಲ್ಲ, ಅದಕ್ಕೆ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿಸಿ. ಪರೀಕ್ಷೆಗೆ ನಾನು ಎಂಜಿನ್ ಚಾಲೂ ಮಾಡಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್‌ಗೆ ತಿರುಗಿಸುತ್ತೇನೆ. ಮಧ್ಯಮ ತರಂಗದಲ್ಲಿ ಗದ್ದಲ ಬೇಗ ಸಿಕ್ಕಿಬೀಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅನ್ನುವ ಸದ್ದು ಏರಿದರೆ ಮೊದಲು ಅರ್ಥ್ ನೋಡಿ.

ಬೇರೆ ಆಂಪ್ಲಿಫೈಯರ್ ಹಾಕುವುದಾದರೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಫೈಬರ್ ಹತ್ತಿಕೊಂಡರೆ ಆರಿಸುವುದು ಕಷ್ಟ, ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಸ್ಟೀರಿಯೊಗೆ ಹೋಗುವ ವೈರ್‌ಗಳು ಹಿಂದೆ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೆ ಹತ್ತಲಿ. ನೀರು ಇಳಿದರೂ ಜೋತ ಕಡೆ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ.

ಎಲ್ಲ ಕೂರಿಸಿದ ಮೇಲೆ ಚೋರ್ಲಾ ಘಾಟ್ ಕಡೆ ಒಂದು ಸುತ್ತು ಹೋಗಿ ಬನ್ನಿ, ತಿರುವುಗಳಲ್ಲಿ ಎರಡು ಮೂರನೇ ಗೇರ್ ಬದಲಿಸುತ್ತಲೇ ಇರಬೇಕಾಗುತ್ತದೆ. ಕೈ ಎಲ್ಲಿಯೂ ತಾಗದಿದ್ದರೆ ಅಳತೆ ಸರಿಯಾಗಿದೆ. ಬಂದ ಮೇಲೆ ತಗಡು ಪಟ್ಟಿಯ ಬೋಲ್ಟ್ ಮತ್ತು ಅರ್ಥ್ ಬೋಲ್ಟ್ ಎರಡನ್ನೂ ಇನ್ನೊಮ್ಮೆ ಬಿಗಿ ಮಾಡಿ. ಯಾವ ಫ್ಯೂಸ್ ಎಲ್ಲಿದೆ, ಎಷ್ಟು ಆಂಪಿಯರ್ ಅಂತ ಬರೆದ ಚೀಟಿಯನ್ನು ಗಾಡಿಯ ಕಾಗದಪತ್ರದ ಜೊತೆ ಇಡಿ.