ನಮ್ಮ ಕಡೆ ಹುಡುಗ್ರಿಗೆ ಎಲೆಕ್ಷನ್ ಆ್ಯಪ್ ಮಾಡೋದು ಹೆಂಗ?

ಬೆರಳಿಗೆ ಶಾಯಿ ಹಚ್ಚಿದ ಫೋಟೊ, ಕೆಳಗ ಒಂದು ಸ್ಲೋಗನ್, ಮತದಾನಕ್ಕ ಇನ್ನ ಇಷ್ಟು ದಿನ ಅಂತ ಕೌಂಟ್‌ಡೌನ್. ವೋಟರ್ ಆ್ಯಪ್ ಅಂದ್ರ ಬಹಳ ಮಂದಿ ಇದನ್ನೇ ಡಿಸೈನ್ ಮಾಡ್ತಾರ. ಎಲೆಕ್ಷನ್ ಮುಗದ ಮರುದಿನ ಹುಡುಗ್ರು ಡಿಲೀಟ್ ಹೊಡಿತಾರ, ಅವರದೇನೂ ತಪ್ಪಿಲ್ಲ ಬಿಡ್ರಿ. ಲಿಸ್ಟಿನಾಗ ಹೆಸರು ಹುಡುಕಾಕ ಚುನಾವಣಾ ಆಯೋಗದ್ದೇ ಆ್ಯಪ್ ಐತಿ, 1950 ಹೆಲ್ಪ್‌ಲೈನ್ ನಂಬರ್ ಐತಿ, ನಾವು ಮತ್ತ ಅದನ್ನೇ ಮಾಡೋದು ಯಾಕ? ವಿಜಯಪುರ, ಬಾಗಲಕೋಟಿ, ಬೆಳಗಾವಿ ಹುಡುಗ್ರಿಗೆ ಗೊತ್ತಿಲ್ಲದ ಸಂಗತಿ ಬ್ಯಾರೆ ಐತಿ, ಅದು "ಈ ಕೆಲಸ ಯಾರದು?" ಅನ್ನೋದು.

ಅದಕ್ಕ ಮೊದಲನೇ ಹೆಜ್ಜೆ, ಹೋಮ್ ಸ್ಕ್ರೀನಿನಾಗ ಪಕ್ಷ, ಲೀಡರ್ ಇಡಬ್ಯಾಡ್ರಿ, ತೊಂದ್ರಿ ಇಡ್ರಿ. ಬಸ್, ಕುಡಿಯೋ ನೀರು, ರಸ್ತೆ, ಬೀದಿ ಲೈಟ್, ಸ್ಕಾಲರ್‌ಶಿಪ್, ಕಬ್ಬಿನ ಬಿಲ್. ಬಸ್ಸಿನ ಕತೀನೇ ತಗೊಳ್ರಿ. ಸಿಂದಗಿ ಕಡೆ ಹಳ್ಳಿಯಿಂದ ಕಾಲೇಜಿಗೆ ಬರೋ ಹುಡುಗಿಗೆ ಬೆಳಿಗ್ಗೆ ಬಸ್ ನಿಲ್ಲಸಂಗಿಲ್ಲ ಅಂದ್ರ ಅದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕ ಹೋಗಬೇಕು, ಅದೇ ತೊಂದ್ರಿ ಹೊಳಿ ದಾಟಿ ಬಾಗಲಕೋಟಿ ಜಿಲ್ಲಾದಾಗ ಆದ್ರ ವಾಯವ್ಯ ಕರ್ನಾಟಕ ನಿಗಮ. ಬೀದಿ ಲೈಟ್ ಪಂಚಾಯ್ತಿದು, ರೈಲು ಬೇಕಂದ್ರ ಕೇಳಬೇಕಾದವ್ರು ಎಂಪಿ. ಹುಡುಗಿ "ಬಸ್" ಒತ್ತಿದ್ರ ಯಾವ ಡಿಪೋ, ಯಾರಿಗೆ ಅರ್ಜಿ, ಅಲ್ಲಿ ಆಗಲಿಲ್ಲಂದ್ರ ಯಾವ ಎಂಎಲ್‌ಎ ಅಂತ ಒಂದೇ ಪುಟದಾಗ ಬರಬೇಕು. ನನಗ ಅನಿಸೋದು ಏನಂದ್ರ, ವೋಟಿಗೂ ತನ್ನ ಬಸ್ಸಿಗೂ ಸಂಬಂಧ ಐತಿ ಅಂತ ಆಕೀಗ ಅಲ್ಲೇ ತಿಳೀತೈತಿ, ಭಾಷಣ ಬೇಕಾಗಿಲ್ಲ.

ಎರಡನೇದು ಮ್ಯಾಪ್, ಇಲ್ಲೇ ಬಹಳ ಟೈಮ್ ಹಾಕ್ರಿ. ಜಿಲ್ಲಾ ಆರಿಸಿದ್ರ ಎಂಪಿ ಯಾರಂತ ಗೊತ್ತಾಗ್ತೈತಿ ಅಂದ್ಕೊಂಡು ಕೋಡ್ ಬರದ್ರ ಕೆಡ್ತೈತಿ. ಖಾನಾಪುರ, ಕಿತ್ತೂರು ಇರೋದು ಬೆಳಗಾವಿ ಜಿಲ್ಲಾದಾಗ, ಆದ್ರ ಲೋಕಸಭಾಕ್ಕ ಅವು ಉತ್ತರ ಕನ್ನಡಕ್ಕ ಬರ್ತಾವ. ನರಗುಂದ ಗದಗ ಜಿಲ್ಲಾದ್ದು, ವೋಟ್ ಮಾತ್ರ ಬಾಗಲಕೋಟಿ ಲೋಕಸಭಾಕ್ಕ. ಅದಕ್ಕ ಊರು ಇಲ್ಲಾ ವಾರ್ಡ್ ಕೇಳ್ರಿ, ಅದರಿಂದ ಪಂಚಾಯ್ತಿ, ವಿಧಾನಸಭಾ, ಲೋಕಸಭಾ ಮೂರನ್ನೂ ಬ್ಯಾರೆ ಬ್ಯಾರೆ ಜೋಡಿಸ್ರಿ. ವಿಧಾನಸಭಾ ಕ್ಷೇತ್ರ ಬೆಳಗಾವಿಗೆ 18, ವಿಜಯಪುರಕ್ಕ 8, ಬಾಗಲಕೋಟಿಗೆ 7, ಅಷ್ಟು ಸರಳ ಐತಿ, ಪಂಚಾಯ್ತಿ ವಾರ್ಡಿಗೆ ಇಳದ್ರ ಮಾತ್ರ ಸಾಕಾಗಿ ಹೋಗ್ತೈತಿ. ಒಂದು ತಾಲೂಕಿನಿಂದ ಶುರು ಮಾಡ್ರಿ, ಆಯಾ ಊರಿನ ಕಾಲೇಜ್ ಹುಡುಗ್ರ ಕಡೆಯಿಂದಲೇ ಮಾಹಿತಿ ತುಂಬಿಸ್ರಿ. ಇನ್ನೊಂದು, ಹಳೇ ಸರ್ಕಾರಿ ಪಿಡಿಎಫ್ ಬಹಳಷ್ಟು ನುಡಿ ಫಾಂಟಿನಾಗ ಇರ್ತಾವ, ಕಾಪಿ ಮಾಡಿದ್ರ ಅಕ್ಷರ ಎಲ್ಲಾ ಹಾಳಾಗಿ ಬರ್ತಾವ, ಮೊದಲ ಯೂನಿಕೋಡಿಗೆ ಬದಲಿಸ್ಕೊಳ್ರಿ.

ಹೆಸರು ಸೇರಿಸೋ ಭಾಗ ಸಣ್ಣದಿರಲಿ. 18 ಆಗಾಕ ಜನವರಿ 1 ಒಂದೇ ಲೆಕ್ಕ ಅಂತ ಇನ್ನೂ ಭಾಳ ಮಂದಿ ತಿಳ್ಕೊಂಡಾರ, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅದಾವ, 17 ದಾಟಿದ್ರ ಮುಂಗಡ ಅರ್ಜಿನೂ ಹಾಕಬಹುದು. ಹೊಸದಕ್ಕ ಫಾರ್ಮ್ 6, ಊರು ಬದಲಿಸಿದ್ರ ಫಾರ್ಮ್ 8. ಹಾಸ್ಟೆಲ್‌ನಾಗ ಇರೋ ಹುಡುಗ್ರು ಮನಿ ವಿಳಾಸ ಇಲ್ಲಾ ಹಾಸ್ಟೆಲ್ ವಿಳಾಸ ಒಂದನ್ನ ಕೊಡಬಹುದು, ಎರಡೂ ಕಡೆ ಹೆಸರು ಇರಂಗಿಲ್ಲ. ಫಾರ್ಮ್ ನಿಮ್ಮ ಆ್ಯಪಿನಾಗ ತುಂಬಿಸ್ಕೋಬ್ಯಾಡ್ರಿ, ಸೀದಾ ಆಯೋಗದ ಸೈಟಿಗೆ ಕಳಸ್ರಿ.

ಭಾಷಾ ವಿಷಯ. "ಮತದಾರರ ನೋಂದಣಿ ಪ್ರಕ್ರಿಯೆ" ಅಂತ ಬಟನ್ ಮ್ಯಾಲ ಬರದ್ರ ಯಾರೂ ಒತ್ತಂಗಿಲ್ಲ, "ಹೆಸರು ಹಚ್ಚಸ್ರಿ" ಅಂತ ಬರೀರಿ. ನಿಪ್ಪಾಣಿ, ಖಾನಾಪುರ ಕಡೆ ಮರಾಠಿ ಬೇಕೇ ಬೇಕು, ವಿಜಯಪುರದಾಗ ಉರ್ದು, ತಾಂಡಾಗಳಿಗೆ ಲಂಬಾಣಿ ಮಾತಿನ್ಯಾಗ ಆಡಿಯೋ ಇದ್ರ ಇನ್ನೂ ಚಲೋ. ಆ್ಯಪ್ ಹಗುರ ಇರಬೇಕು, ನೆಟ್ ಇಲ್ಲದಾಗೂ ತೆಗೀಬೇಕು, ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋದ ಮನಿ ಹುಡುಗನ ಸಾದಾ ಫೋನಿನಾಗ ಓಡಬೇಕು.

ಅಭ್ಯರ್ಥಿ ಮಾಹಿತಿ ಹಾಕೋವಾಗ ಭಾಳ ಹುಷಾರ್ ಇರ್ರಿ. ಆಸ್ತಿ, ಕೇಸ್, ಓದು ಎಲ್ಲಾ ಅವರೇ ಫಾರ್ಮ್ 26 ಅಫಿಡವಿಟ್‌ನಾಗ ಕೊಟ್ಟಿರ್ತಾರ, ಮತದಾರರಿಗೆ ಇದನ್ನ ತಿಳಿಯೋ ಹಕ್ಕು ಐತಿ ಅಂತ ಸುಪ್ರೀಂ ಕೋರ್ಟ್ 2002ರಾಗ ಹೇಳೇತಿ. ಅಷ್ಟನ್ನೇ ಹಾಕ್ರಿ, ಎಲ್ಲಾರಿಗೂ ಒಂದೇ ಅಳತಿ ಕಾರ್ಡ್, ಮತಯಂತ್ರದಾಗ ಇರೋ ಕ್ರಮದಾಗೇ. ಕೇಸ್ ನಡೀತಿರೋದು ಬ್ಯಾರೆ, ಶಿಕ್ಷೆ ಆಗಿರೋದು ಬ್ಯಾರೆ, ಎರಡನ್ನ ಕೂಡಿಸಿ ಬರದ್ರ ಅನ್ಯಾಯ ಆಗ್ತೈತಿ. ಸ್ಟಾರ್ ರೇಟಿಂಗ್, ಲೈಕ್, "ಯಾರು ಗೆಲ್ತಾರ" ಪೋಲ್ ಯಾವ್ದೂ ಬ್ಯಾಡ. ಕಾಮೆಂಟ್ ಬಾಕ್ಸ್ ಅಂತೂ ಮೊದಲ ವರ್ಷ ಬ್ಯಾಡೇ ಬ್ಯಾಡ, ಜಾತಿ ಜಗಳ ಶುರು ಆದ್ರ ಹೆಣ್ಣುಮಕ್ಕಳು ಮೊದಲ ಹೊರಗ ಹೋಗ್ತಾರ.

ಡೇಟಾ ಬಗ್ಗೆ ನನ್ನ ಮಾತು ಖಡಕ್ ಐತಿ. ಜಾತಿ ಕೇಳಬ್ಯಾಡ್ರಿ, ಎಪಿಕ್ ನಂಬರ್ (ವೋಟರ್ ಕಾರ್ಡಿನ ನಂಬರ್) ಇಟ್ಕೋಬ್ಯಾಡ್ರಿ, ಯಾರಿಗೆ ವೋಟ್ ಅಂತ ಯಾವ ರೂಪದಾಗೂ ಕೇಳಬ್ಯಾಡ್ರಿ. 2023ರ ಡೇಟಾ ಕಾಯ್ದೆ ಪ್ರಕಾರ 18 ಆಗದವ್ರು ಮಕ್ಕಳು, ಅವರ ಮಾಹಿತಿ ತಗೊಳಾಕ ತಂದಿ ತಾಯಿ ಒಪ್ಪಿಗಿ ಬೇಕು, ಅದಕ್ಕ 17ರ ಹುಡುಗ್ರಿಗೆ ಲಾಗಿನ್ ಇಲ್ಲದೇ ಎಲ್ಲಾ ಕಾಣೋ ಹಂಗ ಮಾಡ್ರಿ. ಯುವಕರ ಫೋನ್ ನಂಬರಿನ ಲಿಸ್ಟ್ ಯಾವ ಪಕ್ಷಕ್ಕ ಬ್ಯಾಡ ಹೇಳ್ರಿ? ಪಕ್ಷದವ್ರ ರೊಕ್ಕ ತಗೊಂಡ್ರ ಆ ಲಿಸ್ಟ್ ಅವರ ಕೈಗೆ ಹೋತು ಅಂತನ ಲೆಕ್ಕ.

ಇನ್ನ ಎಲೆಕ್ಷನ್ ಇಲ್ಲದಾಗ ಏನು? ಗ್ರಾಮಸಭಾ. ಊರಿನ ವೋಟರ್ ಲಿಸ್ಟಿನಾಗ ಹೆಸರಿರೋ ಪ್ರತಿಯೊಬ್ಬನೂ ಅದರ ಸದಸ್ಯ, 18ರ ಹುಡುಗಿ ಅಲ್ಲಿ ಎದ್ದು ನಿಂತು ಕೇಳಬಹುದು. ತಾಲೂಕು, ಜಿಲ್ಲಾ ಪಂಚಾಯ್ತಿ ಅವಧಿ 2021ರಾಗ ಮುಗದ ಮ್ಯಾಲ ವರ್ಷಗಟ್ಟಲೆ ಎಲೆಕ್ಷನ್ನೇ ಆಗಲಿಲ್ಲ, ಅಂಥಾ ಹೊತ್ತಿನ್ಯಾಗ ಊರಾಗ ಕೇಳಾಕ ಉಳಿಯೋ ಜಾಗ ಇದೊಂದ. ನೋಟಿಫಿಕೇಷನ್ ಕಳಸೋದಿದ್ರ ಇದಕ್ಕ ಕಳಸ್ರಿ, ತಾರೀಖು, ಟೈಮ್, ಜಾಗ, ಕೇಳಬೇಕಾದ ಮೂರು ಪ್ರಶ್ನೆ. ಆಮ್ಯಾಲ ಡೌನ್‌ಲೋಡ್ ಎಷ್ಟಾತು ಅಂತ ಎಣಸಬ್ಯಾಡ್ರಿ, ನೋಟಿಫಿಕೇಷನ್ ನೋಡಿ ಗ್ರಾಮಸಭಾಕ್ಕ ಹೋದವ್ರು ಎಷ್ಟು ಮಂದಿ, ಅವರು ಕೇಳಿದ್ದು ನಡಾವಳಿ ಪುಸ್ತಕದಾಗ ಬರದ್ರೋ ಇಲ್ಲೋ ಅಂತ ಎಣಸ್ರಿ.