ವರ್ಚುವಲ್ ಮೆಷಿನ್‌ನಲ್ಲಿ ಹೋಮ್ ಅಸಿಸ್ಟೆಂಟ್: ನೆಟ್‌ವರ್ಕ್ ಜೋಡಿಸುವುದು ಹೇಗೆ?

ಬೋರ್‌ವೆಲ್ ಮೋಟರ್, ಅಂಗಳದ ದೀಪ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿನ ಮಟ್ಟ, ಇವೆಲ್ಲವನ್ನೂ ಮನೆಯೊಳಗಿನ ಒಂದೇ ಕಂಪ್ಯೂಟರಿನಿಂದ ನಡೆಸಬೇಕೆಂದು ಹೊರಟವರು ಈಗ ಕಲಬುರಗಿಯಲ್ಲೂ ಸಿಗುತ್ತಾರೆ. ಅವರಲ್ಲಿ ಹಲವರು ಆರಿಸಿಕೊಳ್ಳುವುದು ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶವನ್ನು. 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಆರಂಭಿಸಿದ ಈ ತಂತ್ರಾಂಶಕ್ಕೆ ಹೊಸ ಯಂತ್ರವೇ ಬೇಕೆಂದಿಲ್ಲ. ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಇದನ್ನು ಓಡಿಸಬಹುದು. ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್ ಎಂದರೆ ವರ್ಚುವಲ್ ಮೆಷಿನ್; ಅದನ್ನು ಕಟ್ಟಿಕೊಡುವ ತಂತ್ರಾಂಶವೇ ವರ್ಚುವಲ್‌ಬಾಕ್ಸ್. ಬಂಧುಗಳ ಮತ್ತು ಗೆಳೆಯರ ಮನೆಗಳಲ್ಲಿ ಈ ಕೆಲಸ ಕೆಟ್ಟು ನಿಂತದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ, ಮತ್ತು ಪ್ರತಿ ಬಾರಿಯೂ ಅದು ಕೆಟ್ಟದ್ದು ಒಂದೇ ಜಾಗದಲ್ಲಿ: ನೆಟ್‌ವರ್ಕಿನಲ್ಲಿ.

ಮೊದಲ ಹಂತ ಸುಲಭವಾದದ್ದು. ಹೋಮ್ ಅಸಿಸ್ಟೆಂಟಿನ ಅಧಿಕೃತ ತಾಣದಿಂದ ವಿಡಿಐ ರೂಪದ ಡಿಸ್ಕ್ ಫೈಲನ್ನು ಇಳಿಸಿಕೊಂಡು, 2 ಜಿಬಿ ರ್‍ಯಾಮ್, 2 ಪ್ರೊಸೆಸರ್ ಮತ್ತು 32 ಜಿಬಿ ಜಾಗವಿರುವ 64 ಬಿಟ್ ಲಿನಕ್ಸ್ ಮೆಷಿನ್ ಒಂದನ್ನು ರಚಿಸಿ, ಆ ಫೈಲನ್ನೇ ಅದರ ಡಿಸ್ಕ್ ಆಗಿ ಜೋಡಿಸಿ, ಸಿಸ್ಟಮ್ ವಿಭಾಗದಲ್ಲಿ ಇಎಫ್‌ಐ (ಮೆಷಿನ್ ಬೂಟ್ ಆಗುವ ಒಂದು ವಿಧಾನ) ಎಂಬುದಕ್ಕೆ ಗುರುತು ಹಾಕಿರಿ. ಇಎಫ್‌ಐ ಮರೆತರೆ ಮೆಷಿನ್ ಬೂಟ್ ಆಗುವುದೇ ಇಲ್ಲ, ಆದ್ದರಿಂದ ಆ ತಪ್ಪು ಕೂಡಲೇ ಗೊತ್ತಾಗುತ್ತದೆ.

ಎರಡನೆಯ ಹಂತದ ತಪ್ಪು ಹಾಗೆ ಗೊತ್ತಾಗುವುದಿಲ್ಲ. ಹೊಸ ಮೆಷಿನ್ ರಚಿಸಿದಾಗ ವರ್ಚುವಲ್‌ಬಾಕ್ಸ್ ತಾನಾಗಿಯೇ ನ್ಯಾಟ್ ಎಂಬ ವಿಧಾನವನ್ನು ಆರಿಸಿರುತ್ತದೆ. ನ್ಯಾಟ್ ಎಂದರೆ ದೊಡ್ಡ ವಾಡೆಯೊಳಗಿನ ಒಂದು ಕೋಣೆ ಇದ್ದ ಹಾಗೆ. ಒಳಗಿದ್ದವರು ತಲೆಬಾಗಿಲು ದಾಟಿ ಹೊರಗೆ ಹೋಗಿ ಬರಬಹುದು, ಆದರೆ ಬೀದಿಯಲ್ಲಿ ನಿಂತವರಿಗೆ ಒಳಗೆ ಅಂಥ ಕೋಣೆ ಇದೆ ಎಂಬುದೇ ತಿಳಿಯದು. ಹೋಮ್ ಅಸಿಸ್ಟೆಂಟ್ ಇಂಟರ್‌ನೆಟ್‌ನಿಂದ ತನ್ನ ಅಪ್‌ಡೇಟ್‌ಗಳನ್ನು ತಂದುಕೊಳ್ಳುತ್ತದೆ, ಮೆಷಿನ್ನಿನ ಕಪ್ಪು ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಆದರೆ ಮೊಬೈಲಿನಲ್ಲಿ ಅದರ ಪುಟ ತೆರೆಯುವುದಿಲ್ಲ.

ಇಲ್ಲಿ ಜನ ಒಂದು ಅಡ್ಡದಾರಿಯನ್ನು ಹಿಡಿಯುತ್ತಾರೆ. ಯಾವುದೋ ವಿಡಿಯೊ ನೋಡಿ 8123 ಎಂಬ ಪೋರ್ಟನ್ನು (ಹೋಮ್ ಅಸಿಸ್ಟೆಂಟಿನ ಪುಟ ಸಿಗುವ ಬಾಗಿಲಿನ ಸಂಖ್ಯೆ) ವರ್ಚುವಲ್‌ಬಾಕ್ಸ್‌ನಲ್ಲಿ ಫಾರ್ವರ್ಡ್ ಮಾಡುತ್ತಾರೆ, ಅಂದರೆ ಅಲ್ಲಿಗೆ ಬಂದದ್ದನ್ನು ಒಳಗೆ ದಾಟಿಸುತ್ತಾರೆ, ಪುಟ ತೆರೆಯುತ್ತದೆ, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಮರುದಿನ ಸೇಡಂ ರಸ್ತೆಯ ಕಡೆಯಿಂದ ನನ್ನ ತಮ್ಮನಂಥ ಹುಡುಗನೊಬ್ಬ ಫೋನ್ ಮಾಡಿ, “ಪೇಜ್ ತೆರೀತದ ಅಣ್ಣಾ, ಆದರ ಒಂದೂ ಸ್ವಿಚ್ ಕಾಣಂಗಿಲ್ಲ” ಎಂದದ್ದು ಇದೇ ಕಾರಣಕ್ಕೆ. ಮನೆಯಲ್ಲಿರುವ ಸ್ಮಾರ್ಟ್ ಸ್ವಿಚ್‌ಗಳು, ಸ್ಪೀಕರ್‌ಗಳು, ಟಿವಿಗಳು “ನಾನು ಇಲ್ಲಿದ್ದೇನೆ” ಎಂದು ಡಂಗುರ ಸಾರಿದ ಹಾಗೆ ಇಡೀ ನೆಟ್‌ವರ್ಕಿಗೆ ಸಾರುತ್ತವೆ. ಎಂಡಿಎನ್‌ಎಸ್ ಎಂಬ ಈ ಪದ್ಧತಿಯಲ್ಲಿ ಸಂದೇಶವು 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟಿಗೆ ಹೋಗುತ್ತದೆ. ಡಂಗುರ ಬೀದಿಯ ಮನೆಗಳಿಗೆಲ್ಲ ಕೇಳುತ್ತದೆಯೇ ಹೊರತು ವಾಡೆಯ ಒಳಕೋಣೆಗೆ ಕೇಳುವುದಿಲ್ಲ. ಒಂದು ಪೋರ್ಟ್ ತೆರೆದ ಮಾತ್ರಕ್ಕೆ ಅದು ಒಳಗೆ ಬರುವುದೂ ಇಲ್ಲ. ಇನ್ನು ಕೆಲವು ಸಾಧನಗಳು ಸರ್ವರ್ (ಅಂದರೆ ಹೋಮ್ ಅಸಿಸ್ಟೆಂಟ್ ನಡೆಯುವ ಮೆಷಿನ್) ಹೇಳಿದ ವಿಳಾಸಕ್ಕೆ ತಾವೇ ಸುದ್ದಿ ಕಳಿಸುತ್ತವೆ. ನ್ಯಾಟ್‌ನೊಳಗಿನ ಸರ್ವರ್ ತನ್ನ ವಿಳಾಸ 10.0.2.15 ಎಂದು ಹೇಳಿದರೆ, ಆ ವಿಳಾಸಕ್ಕೆ ಮನೆಯ ಯಾವ ಸಾಧನವೂ ತಲುಪಲಾರದು.

ಆದ್ದರಿಂದ ಮೆಷಿನ್ನನ್ನು ಪೂರ್ತಿ ಬಂದ್ ಮಾಡಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ನ್ಯಾಟ್ ಇದ್ದಲ್ಲಿ ಬ್ರಿಡ್ಜ್ಡ್ ಅಡಾಪ್ಟರ್ ಎಂಬುದನ್ನು ಆರಿಸಿರಿ. ಹೀಗೆ ಮಾಡಿದರೆ ಆ ಕೋಣೆಗೆ ಬೀದಿಯ ಕಡೆಗೆ ಸ್ವಂತ ಬಾಗಿಲು ಸಿಕ್ಕಂತಾಗುತ್ತದೆ. ನಿಮ್ಮ ಮೊಬೈಲಿಗೆ ಕೊಡುವ ಹಾಗೆಯೇ ಅದಕ್ಕೂ ಮನೆಯ ರೌಟರ್ ಬೇರೆ ವಿಳಾಸ ಕೊಡುತ್ತದೆ. ಅದರ ಕೆಳಗೇ ಇರುವ ಹೆಸರಿನ ಪಟ್ಟಿಯನ್ನು ಅವಸರದಲ್ಲಿ ದಾಟಬೇಡಿರಿ. ಅಲ್ಲಿ ಕೇಬಲ್ಲಿನ ಕಾರ್ಡು, ವೈ-ಫೈ ಕಾರ್ಡು, ಹಿಂದೆಂದೋ ಹಾಕಿದ ವಿಪಿಎನ್‌ನ ಕಾರ್ಡು, ಎಲ್ಲವೂ ಇರುತ್ತವೆ. ನೀವು ಆರಿಸಬೇಕಾದದ್ದು ಕೇಬಲ್ಲಿನದನ್ನು ಮಾತ್ರ.

ವೈ-ಫೈ ಏಕೆ ಬೇಡ ಎಂದು ಎಲ್ಲರೂ ಕೇಳುತ್ತಾರೆ. ವೈ-ಫೈ ರೌಟರ್ ತನ್ನೊಡನೆ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದಿಂದ (ಪ್ರತಿ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬಂದ ಮಾಹಿತಿಯನ್ನು ಮಾತ್ರ ಸ್ವೀಕರಿಸುತ್ತದೆ. ವರ್ಚುವಲ್ ಮೆಷಿನ್ನಿಗೆ ಇರುವುದು ತನ್ನದೇ ಬೇರೆ ಮ್ಯಾಕ್ ವಿಳಾಸ; ವರ್ಚುವಲ್‌ಬಾಕ್ಸ್‌ನಲ್ಲಿ ಅದು 08:00:27 ಎಂದು ಆರಂಭವಾಗುತ್ತದೆ. ಆದ್ದರಿಂದ ಹೊರಗೆ ಹೋಗುವ ಪ್ರತಿಯೊಂದು ಸಂದೇಶದ ಮೇಲೂ ವರ್ಚುವಲ್‌ಬಾಕ್ಸ್ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು ಬರೆದು ಕಳಿಸಿ, ಮರಳಿ ಬಂದದ್ದನ್ನು ಬಿಡಿಸಿ ಕೊಡಬೇಕಾಗುತ್ತದೆ. ಇದು ಒಮ್ಮೆ ನಡೆಯುತ್ತದೆ, ಒಮ್ಮೆ ಕೈಕೊಡುತ್ತದೆ, ಮತ್ತು ಕೈಕೊಟ್ಟಾಗ ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿ ಭಾನುವಾರವೇ ಕಳೆದುಹೋಗುತ್ತದೆ. ಇದರ ಜೊತೆಗೆ ನಮ್ಮ ಭಾಗದ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ದಪ್ಪ ಗೋಡೆಗಳಿದ್ದರೆ, ಪಡಸಾಲೆಯ ವೈ-ಫೈ ಒಳಮನೆಗೆ ಬರುವಷ್ಟರಲ್ಲಿ ಅರ್ಧ ಸತ್ತಿರುತ್ತದೆ. ಸರ್ವರ್ ಕೇಬಲ್ಲಿನಲ್ಲೇ ಇರಬೇಕು ಎಂಬ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಕೇಬಲ್ ಕೊಳ್ಳುವಾಗಲೂ ಎಚ್ಚರ ಬೇಕು. ಕ್ಯಾಟ್ 6 ಎಂದು ಅಚ್ಚು ಹಾಕಿದ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟವು. ಒಂದು ಎಳೆಯ ಪ್ಲಾಸ್ಟಿಕ್ ಸುಲಿದು, ಬ್ಲೇಡಿನ ಅಂಚಿನಿಂದ ತಂತಿಯನ್ನು ಮೆಲ್ಲಗೆ ಕೆರೆದು ನೋಡಿರಿ. ಕೆಂಪಿನ ಕೆಳಗೆ ಬೆಳ್ಳಗೆ ಹೊಳೆದರೆ ಅಂಗಡಿಗೆ ಮರಳಿಸಿರಿ. ಅದು ಕೆಲವು ಬಾರಿ ಮಣಿದರೆ ಒಳಗೇ ಮುರಿಯಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ.

ಈಗ ಮೆಷಿನ್ ಆರಂಭಿಸಿ, ಕಪ್ಪು ಪರದೆಯ ಮೇಲೆ ಬರುವ ಐಪಿ ವಿಳಾಸವನ್ನು ಓದಿರಿ. ಎಷ್ಟೋ ತೊಂದರೆಗಳು ಈ ಒಂದು ಸಾಲಿನಲ್ಲೇ ತಿಳಿದುಹೋಗುತ್ತವೆ. ಅದು 192.168.1 ಎಂದು ಆರಂಭವಾಗಿ, ನಿಮ್ಮ ಮೊಬೈಲಿನ ವಿಳಾಸವೂ ಹಾಗೆಯೇ ಆರಂಭವಾದರೆ ಎಲ್ಲವೂ ಸರಿಯಿದೆ. 10.0.2.15 ಎಂದಿದ್ದರೆ ನೀವು ಇನ್ನೂ ನ್ಯಾಟ್‌ನಲ್ಲೇ ಇದ್ದೀರಿ. 169.254 ಎಂದಿದ್ದರೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ, ಕೇಬಲ್ ಇಲ್ಲವೇ ಆರಿಸಿದ ಕಾರ್ಡನ್ನು ನೋಡಿರಿ. ವರ್ಚುವಲ್‌ಬಾಕ್ಸ್ ಬದಲು ಲಿನಕ್ಸ್‌ನ ಕೆವಿಎಂ ಬಳಸುವವರಿಗೆ 192.168.122 ಎಂದು ಬಂದರೆ ಅದೂ ನ್ಯಾಟ್ ಎಂದೇ ಅರ್ಥ. ವಿಳಾಸ 192.168.1 ಎಂದಿದ್ದು ಮೊಬೈಲಿನದು 192.168.0 ಎಂದಿದ್ದರೆ ಮನೆಯಲ್ಲಿ ಎರಡು ರೌಟರ್‌ಗಳಿವೆ: ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೂ ರೌಟರ್, ನೀವು ತಂದು ಹಾಕಿದ್ದೂ ರೌಟರ್. ನೀವು ತಂದದ್ದನ್ನು ಆಕ್ಸೆಸ್ ಪಾಯಿಂಟ್ (ವಿಳಾಸ ಕೊಡದೆ ವೈ-ಫೈ ಮಾತ್ರ ಕೊಡುವ ಪೆಟ್ಟಿಗೆ) ಆಗಿ ಬದಲಿಸಿದರೆ ಎರಡೂ ಒಂದೇ ನೆಟ್‌ವರ್ಕ್ ಆಗುತ್ತವೆ. ಸ್ವಿಚ್‌ಗಳನ್ನು ಅತಿಥಿಗಳ ವೈ-ಫೈಗೆ ಜೋಡಿಸಿದ್ದರೆ ಅವೂ ಕಾಣುವುದಿಲ್ಲ, ಏಕೆಂದರೆ ಆ ವೈ-ಫೈ ಇರುವುದೇ ಬೇರೆ ಮಾಡಲಿಕ್ಕೆ.

ಮೂರನೆಯ ಹಂತದಲ್ಲಿ ವಿಳಾಸವನ್ನು ಸ್ಥಿರಗೊಳಿಸಬೇಕು. ಹೋಮ್ ಅಸಿಸ್ಟೆಂಟಿನ ಒಳಗೇ ಸ್ಥಿರ ವಿಳಾಸ ಬರೆಯಲು ಅವಕಾಶವಿದೆ, ಆದರೆ ಅದನ್ನು ಬಿಟ್ಟು ರೌಟರಿನಲ್ಲಿ ಮೆಷಿನ್ನಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ರೌಟರ್ ಬದಲಾಗಿ ಮನೆಯ ವಿಳಾಸಗಳ ಸಾಲೇ ಬೇರೆಯಾದರೆ, ಒಳಗೆ ಸ್ಥಿರ ವಿಳಾಸ ಬರೆದುಕೊಂಡ ಸರ್ವರ್ ಯಾರಿಗೂ ಸಿಗದೆ ಕುಳಿತುಬಿಡುತ್ತದೆ. ಕಾಯ್ದಿರಿಸಿದ ಪದ್ಧತಿಯಲ್ಲಿ ಅದು ಹೊಸ ವಿಳಾಸ ಪಡೆದು ನಡೆಯುತ್ತಿರುತ್ತದೆ. ಮೆಷಿನ್ನನ್ನು ಬೇರೆ ಕಂಪ್ಯೂಟರಿಗೆ ಸಾಗಿಸುವ ಪ್ರಸಂಗ ಬಂದರೆ, ಇಂಪೋರ್ಟ್ ಮಾಡುವಾಗ ಹಳೆಯ ಮ್ಯಾಕ್ ವಿಳಾಸಗಳನ್ನೇ ಉಳಿಸಿಕೊಳ್ಳುವ ಆಯ್ಕೆಯನ್ನು ಹಾಕಿರಿ, ಇಲ್ಲವಾದರೆ ಕಾಯ್ದಿರಿಸಿದ ವಿಳಾಸ ಸಿಗುವುದಿಲ್ಲ.

ನಾಲ್ಕನೆಯದು ಕರೆಂಟಿನ ವಿಚಾರ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಏಳುವಂತೆ ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗಿನ ಮೂಲ ಸೆಟ್ಟಿಂಗ್ಸ್) ಹೊಂದಿಸಿರಿ, ವಿಂಡೋಸ್‌ನ ನಿದ್ರಾವಸ್ಥೆಯನ್ನು ಪೂರ್ತಿ ತೆಗೆದುಹಾಕಿರಿ, ಮತ್ತು ಟಾಸ್ಕ್ ಶೆಡ್ಯೂಲರಿನಿಂದ ಮೆಷಿನ್ ತಾನೇ ಆರಂಭವಾಗುವಂತೆ ಮಾಡುವಾಗ ಎರಡು ನಿಮಿಷ ತಡವಾಗಿ ಏಳಲು ಹೇಳಿರಿ, ಏಕೆಂದರೆ ಫೈಬರ್ ಪೆಟ್ಟಿಗೆ ಸಿದ್ಧವಾಗುವ ಮೊದಲೇ ಸರ್ವರ್ ಎದ್ದರೆ ಅದಕ್ಕೆ ವಿಳಾಸ ಸಿಗದೆ 169.254 ಬಂದು ಕೂರಬಹುದು. ಇನ್ವರ್ಟರ್ ಇರುವವರು ರೌಟರ್, ಫೈಬರ್ ಪೆಟ್ಟಿಗೆ ಮತ್ತು ಕಂಪ್ಯೂಟರ್ ಮೂರನ್ನೂ ಅದೇ ಲೈನಿಗೆ ಹಾಕಬೇಕು. ಕಂಪ್ಯೂಟರನ್ನು ಮಾತ್ರ ಹಾಕಿ ರೌಟರನ್ನು ಬಿಟ್ಟರೆ ಪ್ರಯೋಜನವಿಲ್ಲ. ಹಳೆಯ ಲ್ಯಾಪ್‌ಟಾಪನ್ನು ಇದಕ್ಕೆ ಬಳಸಬೇಡಿರಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಗಲಿರುಳು ಚಾರ್ಜರಿನಲ್ಲೇ ಇರುವ ಬ್ಯಾಟರಿ ಆ ಸೆಕೆಯಲ್ಲಿ ಉಬ್ಬಿ ಕೀಬೋರ್ಡನ್ನೇ ಮೇಲಕ್ಕೆತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಊರ ಹೊರಗಿನಿಂದ ಮೋಟರ್ ನಡೆಸಬೇಕೆನ್ನುವವರು ರೌಟರಿನಲ್ಲಿ 8123 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆಯಬಾರದು. ನಿಮ್ಮ ಮನೆಯ ಬಾಗಿಲನ್ನು ಜಗತ್ತಿಗೆಲ್ಲ ತೋರಿಸುವ ಕೆಲಸವದು. ಎಷ್ಟೋ ಸಂಪರ್ಕಗಳಲ್ಲಿ ಅದು ನಡೆಯುವುದೂ ಇಲ್ಲ: ರೌಟರಿನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಇಂಟರ್‌ನೆಟ್ ಕಂಪನಿಯೇ ನಿಮ್ಮನ್ನು ಇನ್ನೊಂದು ನ್ಯಾಟ್‌ನೊಳಗೆ ಇಟ್ಟಿದೆ ಎಂದರ್ಥ. ಹೋಮ್ ಅಸಿಸ್ಟೆಂಟಿನಲ್ಲೇ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶವನ್ನು ಹಾಕಿ, ಮೊಬೈಲಿನಲ್ಲೂ ಅದನ್ನೇ ಹಾಕಿಕೊಳ್ಳಿರಿ. ಆ ನ್ಯಾಟ್ ಇದ್ದರೂ ಅದು ಕೆಲಸ ಮಾಡುತ್ತದೆ.

ಕೊನೆಗೆ ಒಂದು ಪರೀಕ್ಷೆ. ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಬಂದ್ ಮಾಡಿ ಮತ್ತೆ ಹಾಕಿ, ಯಾವುದನ್ನೂ ಮುಟ್ಟದೆ ಹತ್ತು ನಿಮಿಷ ಕಾಯಿರಿ. ಆಮೇಲೆ ಫೈಬರ್ ಪೆಟ್ಟಿಗೆಯ ಹಿಂದಿನ ಹಳದಿ ಎಳೆಯನ್ನು ಮಡಚದೆ ಮೆಲ್ಲಗೆ ತೆಗೆದು, ಇಂಟರ್‌ನೆಟ್ ಇಲ್ಲದಿರುವಾಗಲೇ ಮನೆಯ ವೈ-ಫೈಯಲ್ಲಿರುವ ಮೊಬೈಲಿನಿಂದ ಸರ್ವರಿನ ಐಪಿ ವಿಳಾಸವನ್ನೂ 8123 ಸಂಖ್ಯೆಯನ್ನೂ ಬರೆದು ಪುಟ ತೆರೆದು, ಪ್ರತಿಯೊಂದು ಸ್ವಿಚ್ಚನ್ನೂ ಒತ್ತಿ ನೋಡಿರಿ. ಇಂಟರ್‌ನೆಟ್ ಇದ್ದಾಗ ನಡೆದು ಈಗ ನಡೆಯದ ಸ್ವಿಚ್ ಅದನ್ನು ತಯಾರಿಸಿದ ಕಂಪನಿಯ ಕ್ಲೌಡನ್ನು (ಇಂಟರ್‌ನೆಟ್ಟಿನ ಆಚೆಗಿರುವ ಸರ್ವರನ್ನು) ನಂಬಿಕೊಂಡದ್ದು. ಬೋರ್‌ವೆಲ್ ಮೋಟರಿಗೆ ಅಂಥದ್ದನ್ನು ಹಾಕಬೇಡಿರಿ.