ಎಸ್‌ವಿಎಫ್ ಫೈಲನ್ನು ಮೊದಲು ಓದುತ್ತೇನೆ, ಆಮೇಲೆ ಚಿಪ್‌ಗೆ ಹಾಕುತ್ತೇನೆ

ನನ್ನ ಹತ್ತಿರ ರಿಪೇರಿಗೆ ಬರುವುದು ಹಳೆಯ ಕಂಟ್ರೋಲ್ ಬೋರ್ಡುಗಳೇ ಜಾಸ್ತಿ. ಅವುಗಳಲ್ಲಿ ಪದೇ ಪದೇ ಸಿಗುವ ಚಿಪ್ ಝೈಲಿಂಕ್ಸ್ ಕಂಪನಿಯ ಎಕ್ಸ್‌ಸಿ9572ಎಕ್ಸ್‌ಎಲ್. 72 ಮ್ಯಾಕ್ರೊಸೆಲ್ (ತರ್ಕದ ಚಿಕ್ಕ ಘಟಕ) ಇರುವ ಪುಟ್ಟ ಸಿಪಿಎಲ್‌ಡಿ, ಅಂದರೆ ಒಳಗಿನ ತರ್ಕವನ್ನು ನಾವೇ ಬರೆದು ತುಂಬಬಹುದಾದ ಚಿಪ್. ಅದಕ್ಕೆ ಬೇಕಾದ ಐಎಸ್‌ಇ ಸಾಫ್ಟ್‌ವೇರ್ 2013ರ 14.7 ಆವೃತ್ತಿಗೇ ನಿಂತುಹೋಯಿತು. ಅದರ ಜಾಗಕ್ಕೆ ಬಂದ ವಿವಾಡೊ ಈ ಚಿಪ್‌ಗಳನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಐಎಸ್‌ಇಯನ್ನು ಒಂದು ವರ್ಚುವಲ್ ಮಷೀನ್‌ನಲ್ಲಿ ಕೂರಿಸಿದ್ದೇನೆ. ಅದು ಡಿಸೈನ್‌ನಿಂದ ಜೆಇಡಿ ಫೈಲ್ (ಚಿಪ್‌ಗೆ ತುಂಬಬೇಕಾದ ಬಿಟ್‌ಗಳ ಪಟ್ಟಿ) ಮಾಡಿಕೊಡುತ್ತದೆ, ಜೊತೆಗಿರುವ ಇಂಪ್ಯಾಕ್ಟ್ ಪ್ರೋಗ್ರಾಂ ಅದನ್ನು ಎಸ್‌ವಿಎಫ್ ಮಾಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಚಿಪ್‌ಗೆ ಹಾಕಲು ಎಫ್‌ಟಿ232ಎಚ್ ಚಿಪ್ ಇರುವ ಅಗ್ಗದ ಯುಎಸ್‌ಬಿ ಬೋರ್ಡು ಮತ್ತು ಓಪನ್‌ಒಸಿಡಿ ಅನ್ನುವ ಸಾಫ್ಟ್‌ವೇರ್ ಸಾಕು. ಹಳೇ ಕೇಬಲ್ಲಿನ ಡ್ರೈವರ್ ಜೊತೆ ಗುದ್ದಾಡುವ ತಲೆನೋವು ತಪ್ಪಿತು.

ಎಸ್‌ವಿಎಫ್ ಅಂದರೆ ಸೀರಿಯಲ್ ವೆಕ್ಟರ್ ಫಾರ್ಮ್ಯಾಟ್. 1991ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮತ್ತು ಟೆರಾಡೈನ್ ಸೇರಿ ರೂಪಿಸಿದ್ದು. ಜೆಟ್ಯಾಗ್ (ಚಿಪ್‌ಗೆ ಬರೆಯಲು, ಅದನ್ನು ಪರೀಕ್ಷಿಸಲು ಇರುವ ಸಂಪರ್ಕ) ತಂತಿಯಲ್ಲಿ ಯಾವ ಬಿಟ್‌ಗಳು ಹೋಗಬೇಕು, ಯಾವುವು ವಾಪಸ್ ಬರಬೇಕು ಅನ್ನುವುದಷ್ಟೇ ಅದರಲ್ಲಿರುತ್ತದೆ. ಬರೀ ಟೆಕ್ಸ್ಟ್. ಯಾವ ಎಡಿಟರ್‌ನಲ್ಲಾದರೂ ತೆರೆದುಕೊಳ್ಳುತ್ತದೆ. ಆದರೂ ಹೆಚ್ಚಿನವರು ತೆರೆದೇ ನೋಡುವುದಿಲ್ಲ ಅಲ್ವಾ?

ನಾನು ಮೊದಲು ಹುಡುಕುವುದು ಐಡಿಕೋಡ್, ಅಂದರೆ ಚಿಪ್‌ನ ಗುರುತಿನ ಸಂಖ್ಯೆ, ಓದುವ ಸಾಲು. ಎಸ್‌ಐಆರ್ ಸಾಲು 8 ಬಿಟ್‌ನ ಆದೇಶ ಕಳಿಸುತ್ತದೆ. ಅದರ ಕೆಳಗಿನ ಎಸ್‌ಡಿಆರ್ ಸಾಲು 32 ಬಿಟ್ ಓದುತ್ತದೆ. ಈ ಚಿಪ್‌ನ ಉತ್ತರ 9604093 ಎಂದು ಮುಗಿಯಬೇಕು. ಮೊದಲ ಅಂಕಿ ಚಿಪ್‌ನ ಆವೃತ್ತಿ, ಅದನ್ನು ಮಾಸ್ಕ್ ಮುಚ್ಚಿರುತ್ತದೆ, ಅಂದರೆ ಹೋಲಿಸುವಾಗ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರ ಬೇರೆ ಬಂದರೆ ಓಪನ್‌ಒಸಿಡಿ ಸಾಲಿನ ಸಂಖ್ಯೆ ಹೇಳಿ ಅಲ್ಲೇ ನಿಲ್ಲುತ್ತದೆ. ಓದಿದ್ದೇನು, ಬರಬೇಕಿದ್ದದ್ದೇನು ಎರಡನ್ನೂ ತೋರಿಸುತ್ತದೆ. ಎಲ್ಲ ಬಿಟ್ಟೂ 1, ಇಲ್ಲವೇ ಎಲ್ಲವೂ 0 ಬಂದರೆ ಫೈಲನ್ನು ಬೈಯಬೇಡಿ. ಬಹುಪಾಲು ತಂತಿಯದ್ದೋ ವೋಲ್ಟೇಜಿನದ್ದೋ ತಕರಾರು.

ಅರ್ಥವಿಲ್ಲದ ಸಂಖ್ಯೆ ಬಂದರೆ ಅದೇ ಜೆಟ್ಯಾಗ್ ಸರಪಳಿಯಲ್ಲಿ ಇನ್ನೊಂದು ಚಿಪ್ ಇದೆಯಾ ನೋಡಿ. ಸಿಪಿಎಲ್‌ಡಿಗೆ ಮುಂಚೆ ಎಸ್‌ಟಿಎಂ32ಎಫ್103 ಮೈಕ್ರೊಕಂಟ್ರೋಲರ್ ಕೂತಿದೆ ಅಂದುಕೊಳ್ಳಿ. ಹೊರಗಿಂದ ಒಂದೇ ಚಿಪ್, ಆದರೆ ಜೆಟ್ಯಾಗ್‌ಗೆ ಅದು ಎರಡು: ಒಂದರ ಆದೇಶ 5 ಬಿಟ್, ಇನ್ನೊಂದರದ್ದು 4. ಒಟ್ಟು 9 ಬಿಟ್‌ಗೂ 1 ತುಂಬಿ ಅವೆರಡನ್ನೂ ಬೈಪಾಸ್‌ನಲ್ಲಿ, ಅಂದರೆ ಡೇಟಾವನ್ನು ಸುಮ್ಮನೆ ಮುಂದೆ ದಾಟಿಸುವ ಸ್ಥಿತಿಯಲ್ಲಿ, ನಿಲ್ಲಿಸಬೇಕು. ಡೇಟಾ ಹೋಗುವಾಗ ತಲಾ ಒಂದು ಬಿಟ್, ಅಂದರೆ 2 ಬಿಟ್ ಸೇರಿಸಬೇಕು. ಟಿಐಆರ್ ಮತ್ತು ಟಿಡಿಆರ್ ಸಾಲುಗಳು ಇರುವುದೇ ಇದಕ್ಕೆ. ಆ ಚಿಪ್ ಸಿಪಿಎಲ್‌ಡಿಯ ಆಚೆ, ಡೇಟಾ ಹೊರಬರುವ ಟಿಡಿಒ ಪಿನ್ನಿನ ಕಡೆಗೆ ಇದ್ದರೆ ಎಚ್‌ಐಆರ್, ಎಚ್‌ಡಿಆರ್ ಸಾಲುಗಳು. ಫೈಲಿನ ಮೇಲ್ಭಾಗದಲ್ಲಿ ಇವುಗಳನ್ನು ಕೈಯಲ್ಲೇ ತಿದ್ದಿದರೆ ಆಯಿತು, ಐಎಸ್‌ಇ ಮತ್ತೆ ತೆರೆಯಬೇಕಿಲ್ಲ.

ಇನ್ನು ರನ್‌ಟೆಸ್ಟ್. ನನ್ನನ್ನು ಕೇಳಿದರೆ ಇಡೀ ಫೈಲಿನಲ್ಲಿ ಅತಿ ಮೋಸದ ಸಾಲು ಇದೇ. ಚಿಪ್ ಅಳಿಸಿಕೊಳ್ಳುವವರೆಗೆ, ಬರೆದುಕೊಳ್ಳುವವರೆಗೆ ಕಾಯಿರಿ ಅನ್ನುವುದು ಅದರ ಅರ್ಥ. ಆದರೆ ಹೊತ್ತನ್ನು ಸೆಕೆಂಡಿನಲ್ಲಿ ಹೇಳದೆ ಗಡಿಯಾರದ ಟಿಕ್‌ಗಳಲ್ಲಿ ಹೇಳಿರಬಹುದು. 1 ಲಕ್ಷ ಟಿಕ್ ಅಂದರೆ 1 ಮೆಗಾಹರ್ಟ್ಸ್‌ನಲ್ಲಿ 100 ಮಿಲಿಸೆಕೆಂಡ್. ಬೇಗ ಮುಗಿಯಲಿ ಅಂತ ಸುಮ್ನೆ ವೇಗವನ್ನು 10 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದೇ ಸಾಲು 10 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಚಿಪ್ ಅರೆಬರೆ ಅಳಿಸಿರುತ್ತದೆ. ಐಡಿಕೋಡ್ ಸರಿಯಾಗಿ ಬರುತ್ತದೆ, ಆದರೆ ವೆರಿಫೈ ಮಾಡುವಾಗ ಎಲ್ಲೋ ನಾಲ್ಕು ಬಿಟ್ ತಪ್ಪುತ್ತವೆ. ಜನ ಚಿಪ್ಪೇ ಕೆಟ್ಟಿದೆ ಅಂತ ಕಿತ್ತು ಹಾಕುತ್ತಾರೆ! ಫೈಲಿನಲ್ಲಿ ಫ್ರೀಕ್ವೆನ್ಸಿ ಸಾಲು ಕಾಣದಿದ್ದರೆ ನಾನು ಯುಎಸ್‌ಬಿ ಬೋರ್ಡನ್ನು 1000 ಕಿಲೋಹರ್ಟ್ಸ್‌ಗೆ ಕಟ್ಟಿಹಾಕುತ್ತೇನೆ. ನಿಧಾನವಾದರೆ ಆಗಲಿ.

ಎಸ್‌ವಿಎಫ್‌ನಲ್ಲಿ ಲೂಪ್ ಇಲ್ಲ, ಹೀಗಾದರೆ ಹಾಗೆ ಮಾಡು ಅನ್ನುವ ಷರತ್ತೂ ಇಲ್ಲ. ಅವು ಬೇಕೆಂದರೆ ಸ್ಟ್ಯಾಪಲ್ ಅನ್ನುವ ಭಾಷೆ ಇದೆ, ಆಲ್ಟೆರಾ ಕಂಪನಿಯ ಜ್ಯಾಮ್‌ನಿಂದ ಬೆಳೆದು 1999ರಲ್ಲಿ ಚಿಪ್ ಉದ್ಯಮದ ಜೆಡೆಕ್ ಸಂಸ್ಥೆಯ ಮಾನಕವಾದದ್ದು. ಬೋರ್ಡಿನ ಮೈಕ್ರೊಕಂಟ್ರೋಲರೇ ಸಿಪಿಎಲ್‌ಡಿಗೆ ಬರೆಯಬೇಕಾದಾಗ ಎಕ್ಸ್‌ಎಸ್‌ವಿಎಫ್ ಒಳ್ಳೆಯದು. ಅದು ಎಸ್‌ವಿಎಫ್‌ನದೇ ಬೈನರಿ ರೂಪ, ಜಾಗ ಕಡಿಮೆ ಸಾಕು. ಆದರೆ ರಿಪೇರಿ ಮೇಜಿನ ಮೇಲೆ ನನಗೆ ಕಣ್ಣಿಗೆ ಕಾಣುವ ಪೆದ್ದು ಫೈಲೇ ಇಷ್ಟ.

ಇದೇ ಫಾರ್ಮ್ಯಾಟ್‌ನಲ್ಲಿ ಬೆಸುಗೆಯನ್ನೂ ಪರೀಕ್ಷಿಸುತ್ತೇನೆ. ಚಿಪ್‌ನ ಬಿಎಸ್‌ಡಿಎಲ್ ಫೈಲಿನಲ್ಲಿ ಯಾವ ಪಿನ್‌ಗೆ ಯಾವ ಬಿಟ್ ಎಂದು ಬರೆದಿರುತ್ತದೆ. ಅದನ್ನು ನೋಡಿ ನಾಲ್ಕೈದು ಸಾಲಿನ ಎಸ್‌ವಿಎಫ್ ಕೈಯಲ್ಲೇ ಬರೆಯುತ್ತೇನೆ. ಮೊದಲು ಪ್ರಿಲೋಡ್ (ಪಿನ್‌ಗಳಿಗೆ ಬೇಕಾದ ಬಿಟ್‌ಗಳನ್ನು ತುಂಬಿಡುವ ಆದೇಶ), ಆಮೇಲೆ ಎಕ್ಸ್‌ಟೆಸ್ಟ್ (ಅವನ್ನು ಪಿನ್‌ಗಳಲ್ಲಿ ಹೊರಡಿಸುವ ಆದೇಶ). ಒಂದು ಪಿನ್ ಮೇಲೇರಿಸಿದಾಗ ಸುಮ್ಮನಿರಬೇಕಾದ ಪಕ್ಕದ್ದೂ ಏರಿದರೆ ಮಧ್ಯೆ ಬೆಸುಗೆ ಹರಡಿ ಎರಡೂ ಕೂಡಿಕೊಂಡಿರಬೇಕು. ಎಕ್ಸ್‌ಟೆಸ್ಟ್‌ನಲ್ಲಿ ಪಿನ್‌ಗಳು ನಿಜವಾಗಿಯೇ ಕೆಲಸ ಮಾಡುತ್ತವೆ, ರಿಲೇ ಎಳೆಯುತ್ತದೆ, ಮೋಟಾರು ತಿರುಗುತ್ತದೆ. ಔಟ್‌ಪುಟ್ ಕನೆಕ್ಟರ್ ಬಿಚ್ಚಿಟ್ಟೇ ಇದನ್ನು ಮಾಡಿ. ಕೊನೆಯ ಸಾಲಿನಲ್ಲಿ ಸ್ಟೇಟ್ ರಿಸೆಟ್ ಹಾಕಿ. ಇಲ್ಲದಿದ್ದರೆ ಚಿಪ್ ಪರೀಕ್ಷೆಯ ಸ್ಥಿತಿಯಲ್ಲೇ ಕೂತಿರುತ್ತದೆ.